ಜೀಪಿನ ಹೀಟರು: ಒಮ್ಮೆ ಕೆಂಡ, ಒಮ್ಮೆ ತಣ್ಣೀರು

ಮುಂಗಾರು ಹಿಡಿಯುವ ಮುನ್ನ ನಮ್ಮ ಸದಸ್ಯ ಬಾಂಧವರು ಮುಗಿಸಬೇಕಾದ ಕೆಲಸಗಳ ಪಟ್ಟಿ ಉದ್ದವಾಗಿಯೇ ಇರುತ್ತದೆ. ಮೈಲುತುತ್ತ, ಸುಣ್ಣ ತಂದಿಡಬೇಕು. ಔಷಧಿ ಹೊಡೆಯುವವರನ್ನು ಗೊತ್ತು ಮಾಡಬೇಕು. ಬಸಿಗಾಲುವೆ ಬಿಡಿಸಬೇಕು, ಸೌದೆ ಕೊಟ್ಟಿಗೆ ಸೇರಬೇಕು. ಈ ಪಟ್ಟಿಯ ತುದಿಯಲ್ಲಿ ಮನೆಯ ಹಳೆಯ ಜೀಪಿನ ಹೀಟರನ್ನೂ ಬರೆದುಕೊಳ್ಳಿರೆಂದರೆ ಕೆಲವರಿಗೆ ನಗು ಬಂದೀತು. ಹೀಟರೆಂಬುದು ಕಾಶ್ಮೀರದವರಿಗೆ, ಸಿಮ್ಲಾದವರಿಗೆ. ನಮಗೆ ಒಂದು ಕಂಬಳಿ ಸಾಲದೆ, ಎಂದು ಕೇಳುವವರೂ ಇದ್ದಾರೆ.

ಜುಲೈ ತಿಂಗಳಿನಲ್ಲಿ ಕೊಟ್ಟಿಗೆಹಾರದಿಂದ ಚಾರ್ಮಾಡಿ ಘಾಟಿ ಇಳಿದವರು, ಆಗುಂಬೆಯ ತಿರುವಿನಲ್ಲಿ ಎದುರು ಬರುವ ಬಸ್ಸಿನ ದೀಪ ಹುಡುಕಿದವರು ಈ ಪ್ರಶ್ನೆ ಕೇಳಲಾರರು. ನಮ್ಮ ಮಲೆನಾಡಿನಲ್ಲಿ ಹೀಟರು ಮೈ ಕಾಯಿಸುವ ಸಾಧನವಲ್ಲ, ಗಾಜು ಒಣಗಿಸುವ ಸಾಧನ. ನೆನೆದ ಕಂಬಳಿ, ನೆನೆದ ಕೊಡೆ, ಒಳಗೆ ಕುಳಿತ ಐದಾರು ಮಂದಿಯ ಉಸಿರು, ಇವೆಲ್ಲದರ ತೇವ ತಣ್ಣನೆಯ ಮುಂಗಾಜಿಗೆ ಬಂದು ಕೂರುತ್ತದೆ. ಗಾಳಿಯನ್ನು ಹತ್ತು ಹನ್ನೊಂದು ಡಿಗ್ರಿಯಷ್ಟು ಬಿಸಿ ಮಾಡಿದರೆ ನೀರಿನಾವಿಯನ್ನು ಹಿಡಿದುಕೊಳ್ಳುವ ಅದರ ಶಕ್ತಿ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಕಣದಲ್ಲಿ ಕಾಫಿ ಹರವುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬಿಸಿಗಾಳಿ ಗಾಜಿಗೆ ಬಡಿದರೆ ಎರಡು ನಿಮಿಷದಲ್ಲಿ ರಸ್ತೆ ಕಾಣುತ್ತದೆ. ಬಡಿಯದಿದ್ದರೆ ಒಂದು ಕೈಯಲ್ಲಿ ಸ್ಟಿಯರಿಂಗ್, ಇನ್ನೊಂದು ಕೈಯಲ್ಲಿ ಒರೆಸುವ ಬಟ್ಟೆ, ಪಕ್ಕದಲ್ಲಿ ಪ್ರಪಾತ.

ನಮ್ಮ ಸಂಘದ ಅಂಗಳಕ್ಕೆ ಗೊಬ್ಬರ ಒಯ್ಯಲು ಬರುವ ಗಾಡಿಗಳಲ್ಲಿ ವಯಸ್ಸಾದವೇ ಹೆಚ್ಚು. 1985ರಲ್ಲಿ ಮಾರುಕಟ್ಟೆಗೆ ಬಂದ ಜಿಪ್ಸಿಯೂ ಉಂಟು, 2000ದಲ್ಲಿ ಬಂದ ಬೊಲೆರೊ ಕೂಡ ಈಗ ಹಳೆಯದರ ಲೆಕ್ಕಕ್ಕೇ ಸೇರುತ್ತಿದೆ. ಅದಕ್ಕೂ ಹಿಂದಿನ ಜೀಪುಗಳಿಗೆ ಮಾಲೀಕರೇ ಆಮೇಲೆ ಹೀಟರು ಕೂರಿಸಿಕೊಂಡದ್ದೂ ಇದೆ. ದೂರು ಮಾತ್ರ ಒಂದೇ. "ಸೆಕ್ರೆಟ್ರಿಗಳೇ, ಹೀಟರೇನೋ ಇದೆ, ಅದರ ಮನಸ್ಸಿಗೆ ಬಂದಾಗ ಬಿಸಿ, ಇಲ್ಲದಿದ್ದರೆ ಇಲ್ಲ." ಈ ದೂರನ್ನು ಇಟ್ಟುಕೊಂಡು ಗ್ಯಾರೇಜಿಗೆ ಹೋದವರಿಗೆ ಡ್ಯಾಶ್‌ಬೋರ್ಡ್ ಬಿಚ್ಚಿಸಿ ಹೀಟರನ್ನೇ ಬದಲಾಯಿಸುವ ಸಲಹೆ ಸುಲಭವಾಗಿ ಸಿಗುತ್ತದೆ. ನಾವು ಕಂಡಂತೆ ಬಹುಪಾಲು ಸಂದರ್ಭಗಳಲ್ಲಿ ತಪ್ಪು ಹೀಟರಿನದಲ್ಲ. ಎಂಜಿನ್ನಿನ ನೀರಿನಲ್ಲಿ ಏನೋ ಕೆಟ್ಟಿದೆ, ಅದನ್ನು ಹೀಟರು ಎಲ್ಲರಿಗಿಂತ ಮೊದಲು ಹೇಳುತ್ತಿದೆ. ಆ ಮಾತು ಕೇಳಿಸಿಕೊಳ್ಳದೆ ಹೋದರೆ ಆಮೇಲೆ ಎಂಜಿನ್ನೇ ಮಾತಾಡುತ್ತದೆ. ಆ ಮಾತು ಬಹಳ ದುಬಾರಿ.

ಹೀಟರೊಳಗೆ ಬೆಂಕಿಯೂ ಇಲ್ಲ, ವಿದ್ಯುತ್ ಕಾಯಿಲೂ ಇಲ್ಲ. ಮುಂಭಾಗದ ರೇಡಿಯೇಟರಿನ ಚಿಕ್ಕ ತಮ್ಮನಂತಹ ಒಂದು ಪೆಟ್ಟಿಗೆ ಡ್ಯಾಶ್‌ಬೋರ್ಡಿನ ಹಿಂದೆ ಕುಳಿತಿರುತ್ತದೆ. ಎಂಜಿನ್ನಿನಲ್ಲಿ ಕಾದ ನೀರು ಒಂದು ಹೋಸಿನಿಂದ ಅದರೊಳಗೆ ಬಂದು ಇನ್ನೊಂದರಿಂದ ಹಿಂತಿರುಗುತ್ತದೆ. ಸಣ್ಣ ಫ್ಯಾನು ಅದರ ಮೂಲಕ ಗಾಳಿ ನೂಕುತ್ತದೆ. ದೊಡ್ಡ ಕಾಲುವೆಯಿಂದ ಕವಲೊಡೆದ ಸಣ್ಣ ಕಾಲುವೆ ಎನ್ನಿ. ಕೆರೆಯಲ್ಲಿ ನೀರು ಇಳಿದಾಗ ಮೊದಲು ಒಣಗುವುದು ತುದಿಯ ಗದ್ದೆಯಲ್ಲವೆ? ಹೀಟರಿನ ಪಾಡೂ ಅದೇ. ಹೆಚ್ಚಿನ ಗಾಡಿಗಳಲ್ಲಿ ಅದು ಎತ್ತರದಲ್ಲಿರುವುದರಿಂದ ನೀರು ಒಂದೆರಡು ಲೀಟರು ಕಡಿಮೆಯಾದರೂ ಅಲ್ಲಿಗೆ ನೀರು ತಲುಪದು. ಮೀಟರಿನ ಮುಳ್ಳು ಮಾತ್ರ ಎಂದಿನ ಸ್ಥಾನದಲ್ಲೇ ನಿಂತಿರುತ್ತದೆ.

ಯಾವಾಗ ಬಿಸಿ, ಯಾವಾಗ ತಣ್ಣಗೆ

ಸ್ಪ್ಯಾನರು ಹಿಡಿಯುವ ಮುನ್ನ ನಾಲ್ಕು ದಿನ ಗಾಡಿಯನ್ನು ಗಮನಿಸಿ. ನಮ್ಮ ಬೆಳೆಗಾರರಲ್ಲಿ ದಿನದ ಮಳೆಯನ್ನು ಇಂಚು, ಸೆಂಟಿನ ಲೆಕ್ಕದಲ್ಲಿ ಬರೆದಿಡದವರು ವಿರಳ. ಅದೇ ಡೈರಿಯ ಅಂಚಿನಲ್ಲಿ ಹೀಟರು ಎಲ್ಲಿ ಬಿಸಿಯಿತ್ತು, ಎಲ್ಲಿ ಆರಿತು, ಆಗ ಮುಳ್ಳು ಎಲ್ಲಿತ್ತು ಎಂದು ಬರೆದಿಟ್ಟರೆ ಅರ್ಧ ರಿಪೇರಿ ಮುಗಿದಂತೆ.

ಗಾಡಿ ಓಡುವಾಗ ಬಿಸಿ, ನಿಂತು ಐಡ್ಲಿಂಗಿನಲ್ಲಿದ್ದಾಗ ತಣ್ಣಗೆ, ಆಕ್ಸಿಲರೇಟರು ಒತ್ತಿದರೆ ಮತ್ತೆ ಬಿಸಿ. ಇದು ಅತಿ ಸಾಮಾನ್ಯ. ಅರ್ಥ ಇಷ್ಟೇ: ನೀರು ಕಡಿಮೆಯಿದೆ, ಇಲ್ಲವೆ ಹೀಟರಿನಲ್ಲಿ ಗಾಳಿ ಸಿಕ್ಕಿಕೊಂಡಿದೆ. ಅಪರೂಪಕ್ಕೆ ವಾಟರ್ ಪಂಪು ಸವೆದಿದ್ದರೂ, ಅದರ ಬೆಲ್ಟು ಸಡಿಲವಾಗಿದ್ದರೂ ಹೀಗಾಗುತ್ತದೆ. ಗುಡ್ಡದ ಹಳ್ಳದಿಂದ ತೋಟಕ್ಕೆ ಪೈಪಿನಲ್ಲಿ ನೀರು ಇಳಿಸಿಕೊಂಡವರಿಗೆ ಗಾಳಿ ಕಟ್ಟುವುದೆಂದರೇನೆಂದು ಗೊತ್ತು. ಮೇಲೆ ನೀರಿರುತ್ತದೆ, ಕೆಳಗೆ ಪೈಪು ಕೆಮ್ಮುತ್ತದೆ. ಹೀಟರೂ ಹಾಗೆಯೇ ಕೆಮ್ಮುತ್ತದೆ. ಬೆಳಿಗ್ಗೆ ಸ್ಟಾರ್ಟು ಮಾಡಿದೊಡನೆ ಡ್ಯಾಶ್‌ಬೋರ್ಡಿನ ಹಿಂದೆ ಗುಳುಗುಳು ಶಬ್ದ ಕೇಳಿಸಿದರೆ ಬೇರೆ ಸಾಕ್ಷಿ ಬೇಡ.

ಘಾಟಿ ಹತ್ತುವಾಗ ಚೆನ್ನಾಗಿ ಬಿಸಿ, ಇಳಿಯುವಾಗ ಹಾಗೂ ಸಪಾಟು ರಸ್ತೆಯಲ್ಲಿ ಉಗುರುಬೆಚ್ಚಗೆ, ಮುಳ್ಳೂ ಇಳಿಯುತ್ತಾ ಹೋಗುತ್ತದೆ. ಇದು ಥರ್ಮೋಸ್ಟ್ಯಾಟ್ ತೆರೆದೇ ಉಳಿದಿರುವ ಲಕ್ಷಣ, ಅಥವಾ ಯಾರೋ ಪುಣ್ಯಾತ್ಮರು ಅದನ್ನು ಕಿತ್ತೇ ಎಸೆದಿದ್ದಾರೆ. ಇದರ ಬಗ್ಗೆ ಮುಂದೆ ಹೇಳುತ್ತೇವೆ.

ಮುಳ್ಳು ಸರಿಯಾದ ಸ್ಥಾನದಲ್ಲಿ ನಿಂತಿದೆ, ನೀರು ಭರ್ತಿಯಿದೆ, ಆದರೂ ಹೀಟರು ಸದಾ ಅರೆಬೆಚ್ಚಗೆ. ಆಗ ಬಾನೆಟ್ ಎತ್ತಿ, ಎಂಜಿನ್ನಿನಿಂದ ಒಳಗೆ ಹೋಗುವ ಎರಡು ಹೀಟರ್ ಹೋಸುಗಳನ್ನು ಫ್ಯಾನು, ಬೆಲ್ಟಿಗೆ ಕೈ ತಾಗದಂತೆ ಎಚ್ಚರದಿಂದ ಮುಟ್ಟಿ ನೋಡಿ. ಎರಡೂ ಸುಡುತ್ತಿದ್ದರೆ ನೀರಿನ ಭಾಗದಲ್ಲಿ ದೋಷವಿಲ್ಲ. ಗಾಳಿಯ ಕಡೆ ನೋಡಬೇಕು. ಒಂದು ಸುಡುತ್ತಿದ್ದು ಇನ್ನೊಂದು ತಣ್ಣಗಿದ್ದರೆ ಒಳಗೆ ಕಸ ಕಟ್ಟಿದೆ, ಇಲ್ಲವೆ ನೀರಿನ ವಾಲ್ವು ಪೂರ್ತಿ ತೆರೆಯುತ್ತಿಲ್ಲ. ಎರಡೂ ತಣ್ಣಗಿದ್ದರೆ ನೀರು ಅಲ್ಲಿಗೆ ಬರುತ್ತಲೇ ಇಲ್ಲ.

ಗಾಳಿಯ ಕಡೆಯ ದೋಷಗಳು ಚಿಲ್ಲರೆ. ಗುಂಡಿಯಿಂದ ವಾಲ್ವಿಗೆ ಅಥವಾ ಒಳಗಿನ ಹಲಗೆಗೆ ಹೋಗುವ ತಂತಿ ಕ್ಲಿಪ್ಪಿನಿಂದ ಜಾರಿರುತ್ತದೆ. ಗುಂಡಿ ಪೂರ್ತಿ ತಿರುಗಿದರೂ ಹಲಗೆ ಅರ್ಧಕ್ಕೇ ನಿಲ್ಲುತ್ತದೆ. ಮುಂಗಾಜಿನ ಬುಡದ ಜಾಲರಿಯಲ್ಲಿ ಸಿಲ್ವರ್ ಓಕ್ ಎಲೆ ತುಂಬಿರುತ್ತದೆ. ಇಲಿ ಗೂಡು ಕಟ್ಟಿದ್ದನ್ನೂ ನಾವು ನೋಡಿದ್ದೇವೆ.

ಕೆರೆಯ ನೀರೂ ಅಡಿಕೆ ಚೊಗರೂ

ಒಮ್ಮೆ ಬೆಳಗಿನ ಹೊತ್ತು, ಎಂಜಿನ್ ಪೂರ್ತಿ ಆರಿರುವಾಗ, ರೇಡಿಯೇಟರಿನ ಮುಚ್ಚಳ ತೆಗೆದು ನೀರಿನ ಬಣ್ಣ ನೋಡಿ. ನಮ್ಮ ಎಷ್ಟೋ ಗಾಡಿಗಳಲ್ಲಿ ಅದು ಅಡಿಕೆ ಬೇಯಿಸಿದ ಚೊಗರಿನ ಬಣ್ಣಕ್ಕೆ ತಿರುಗಿರುತ್ತದೆ. ಅದು ಎಂಜಿನ್ನಿನ ಒಳಗೋಡೆಯ ಕಬ್ಬಿಣದ ತುಕ್ಕು. ದಾರಿಯಲ್ಲಿ ನೀರು ಇಳಿದಾಗಲೆಲ್ಲ ಹಳ್ಳದ ನೀರು, ಕೆರೆಯ ನೀರು ಸುರಿಯುವುದು ನಮ್ಮ ಹಳೆಯ ರೂಢಿ. ಹಾಗೆ ಸುರಿದ ಪ್ರತಿ ತಂಬಿಗೆಯೂ ಹೊಸ ಆಮ್ಲಜನಕವನ್ನೂ ಹೊಸ ಕೆಸರನ್ನೂ ಒಳಗೆ ಕಳಿಸುತ್ತದೆ. ತುಕ್ಕು, ಕೆಸರು ಹೋಗಿ ಕೂರುವುದು ಎಲ್ಲಿ ದಾರಿ ಕಿರಿದೋ ಅಲ್ಲಿ. ಗಾಡಿಯಲ್ಲಿ ಅಂತಹ ಕಿರಿದಾದ ದಾರಿಗಳೆಂದರೆ ಹೀಟರಿನ ಕೊಳವೆಗಳೇ.

ಕೂಲಂಟ್ ಎಂಬ ದ್ರವವನ್ನು ನೀರಿನೊಂದಿಗೆ ಸಮಸಮ ಬೆರೆಸಿ ಹಾಕಬೇಕೆಂದು ಇಂದಿನ ಗಾಡಿಗಳ ಕೈಪಿಡಿಗಳಲ್ಲಿ ಸಾಮಾನ್ಯವಾಗಿ ಬರೆದಿರುತ್ತದೆ. ನಮ್ಮಲ್ಲಿ ನೀರು ಹೆಪ್ಪುಗಟ್ಟುವ ಚಳಿಯಿಲ್ಲ, ಅದೇಕೆ ಬೇಕು ಎಂದು ಕೇಳುವವರಿಗೆ ನಮ್ಮ ಉತ್ತರ: ಚಳಿಗಲ್ಲ, ತುಕ್ಕಿಗೆ. ಅದರಲ್ಲಿನ ತುಕ್ಕು ತಡೆಯುವ ಅಂಶ ಕಾಲಕ್ರಮೇಣ ತೀರಿಹೋಗುವುದರಿಂದ ಕೈಪಿಡಿ ಹೇಳಿದ ಅವಧಿಗೆ ಬದಲಾಯಿಸಬೇಕು. ಬೆರೆಸಲು ಬ್ಯಾಟರಿಗೆ ಹಾಕುವ ಭಟ್ಟಿ ಇಳಿಸಿದ ನೀರು ಒಳ್ಳೆಯದು. ಬೇರೆ ಬೇರೆ ಜಾತಿಯ ಕೂಲಂಟನ್ನು ಕಲಸಬೇಡಿ; ಬಣ್ಣ ಒಂದೇ ಇದ್ದ ಮಾತ್ರಕ್ಕೆ ಜಾತಿ ಒಂದೇ ಎಂದಲ್ಲ, ಡಬ್ಬಿಯ ಬರಹ ಓದಬೇಕು. ಒಂದು ಎಚ್ಚರಿಕೆ: ಕೂಲಂಟ್ ಸಿಹಿಯಾಗಿರುತ್ತದೆ, ಹಾಗೂ ವಿಷ. ಬಸಿದ ದ್ರವವನ್ನು ಅಂಗಳದಲ್ಲಿ ಬಾಣಲೆ ಸಮೇತ ಬಿಟ್ಟರೆ ನಾಯಿ ನೆಕ್ಕಿ ಸಾಯುತ್ತದೆ. ಮಕ್ಕಳಿರುವ ಮನೆಯಲ್ಲಂತೂ ಹೇಳಬೇಕಾಗಿಯೇ ಇಲ್ಲ. ಹಳ್ಳಕ್ಕೂ ಚೆಲ್ಲಬಾರದು.

ಮುಚ್ಚಳವನ್ನೂ ಕಡೆಗಣಿಸಬಾರದು. ಸಮುದ್ರಮಟ್ಟದಿಂದ ಸಾವಿರ ಮೀಟರು ಎತ್ತರದ ನಮ್ಮ ತೋಟಗಳಲ್ಲಿ ತೆರೆದ ಪಾತ್ರೆಯ ನೀರು 97 ಡಿಗ್ರಿಯ ಹೊತ್ತಿಗೇ ಕುದಿಯುತ್ತದೆ. 0.9 ಎಂದು ಗುರುತಿರುವ ಮುಚ್ಚಳ ಒಳಗೆ ಒತ್ತಡ ಹಿಡಿದಿಟ್ಟು, ಅದೇ ನೀರನ್ನು 115 ಡಿಗ್ರಿ ದಾಟುವ ತನಕ ಕುದಿಯಗೊಡದು. ಅದರ ರಬ್ಬರು ಸತ್ತಿದ್ದರೆ ಘಾಟಿ ಹತ್ತುವಾಗ ನೀರು ಸದ್ದಿಲ್ಲದೆ ಹೊರಹೋಗುತ್ತದೆ, ಮಾರನೆಯ ದಿನ ಹೀಟರು ತಣ್ಣಗೆ. ಹಾಗೆಂದು ಇನ್ನೂ ಬಿಗಿಯಾದ ಮುಚ್ಚಳ ಹುಡುಕಿ ಹಾಕುವುದೂ ಬೇಡ, ಹಳೆಯ ರೇಡಿಯೇಟರಿನ ಬೆಸುಗೆ ಬಿಟ್ಟೀತು. ಆ ಗಾಡಿಗೆ ಹೇಳಿದ್ದನ್ನೇ ಹಾಕಿ. ಬಿಸಿ ಎಂಜಿನ್ನಿನ ಮುಚ್ಚಳವನ್ನು ಮಾತ್ರ ಎಂದೂ ತೆಗೆಯಬಾರದು. ಮುಖ ಸುಟ್ಟುಕೊಂಡ ಚಾಲಕರು ನಮ್ಮ ಹೋಬಳಿಯಲ್ಲೇ ಇದ್ದಾರೆ.

ಕಿತ್ತೆಸೆದ ಥರ್ಮೋಸ್ಟ್ಯಾಟ್

"ಅಯ್ಯೋ ಗೌಡ್ರೇ, ಥರ್ಮೋಸ್ಟ್ಯಾಟ್ ನಮ್ಮ ಕಡೆಗೆ ಬ್ಯಾಡ ಅದು. ಅದು ಹಿಮ ಬೀಳೋ ದೇಶದೋರಿಗೆ. ತೆಗ್ದು ಹಾಕ್ಬಿಡ್ತೀನಿ, ಗಾಡಿ ತಂಪಾಗಿರುತ್ತೆ." ಈ ಮಾತನ್ನು ಮಲೆನಾಡಿನ ಯಾವ ಪೇಟೆಯ ಗ್ಯಾರೇಜಿನಲ್ಲಾದರೂ ಕೇಳಬಹುದು. ಹೇಳುವವರು ಮೋಸಗಾರರಲ್ಲ, ತಮ್ಮ ಗುರುಗಳಿಂದ ಕಲಿತದ್ದನ್ನು ಹೇಳುತ್ತಾರೆ. ಆದರೆ ಈ ಮಾತು ನಮ್ಮ ಎಂಜಿನ್ನುಗಳಿಗೆ ಮಾಡಿದಷ್ಟು ಹಾನಿಯನ್ನು ನಮ್ಮ ರಸ್ತೆಗಳೂ ಮಾಡಿರಲಾರವು ಎಂಬುದು ನಮ್ಮ ಅಭಿಪ್ರಾಯ.

ಥರ್ಮೋಸ್ಟ್ಯಾಟ್ ಎಂದರೆ ಮೇಣ ತುಂಬಿದ ಒಂದು ಪುಟ್ಟ ಲೋಹದ ಡಬ್ಬಿಯುಳ್ಳ ಬಾಗಿಲು. ಎಂಜಿನ್ ತಣ್ಣಗಿರುವಾಗ ಬಾಗಿಲು ಮುಚ್ಚಿರುತ್ತದೆ, ನೀರು ಎಂಜಿನ್ನು ಮತ್ತು ಹೀಟರಿನ ನಡುವೆಯೇ ಸುತ್ತುತ್ತದೆ. ನೀರು ಕಾದಂತೆ ಮೇಣ ಕರಗಿ ಉಬ್ಬಿ ಬಾಗಿಲನ್ನು ನೂಕುತ್ತದೆ. ಆಗ ನೀರು ರೇಡಿಯೇಟರಿಗೆ ಹೋಗುತ್ತದೆ. ಎಷ್ಟು ಡಿಗ್ರಿಗೆ ತೆರೆಯಬೇಕೆಂಬುದು ಅದರ ಮೈಮೇಲೆಯೇ ಒತ್ತಿರುತ್ತದೆ, ಸಾಮಾನ್ಯವಾಗಿ 82 ಅಥವಾ 88. ಅದನ್ನು ಕಿತ್ತರೆ ಮಳೆಗಾಲದ ತಣ್ಣನೆಯ ಗಾಳಿಗೆ ರೇಡಿಯೇಟರು ಎಂಜಿನ್ನನ್ನು ಕಾಯಲು ಬಿಡುವುದೇ ಇಲ್ಲ. ತೋಟದಿಂದ ಪೇಟೆಗೆ ನಾಲ್ಕೈದು ಮೈಲಿ ಓಡುವ ನಮ್ಮ ಗಾಡಿಗಳು ಇಡೀ ಮಳೆಗಾಲ ಅರೆಬೆಂದ ಎಂಜಿನ್ನಿನಲ್ಲೇ ಓಡುತ್ತವೆ. ಡೀಸೆಲ್ ಪೂರ್ತಿ ಉರಿಯುವುದಿಲ್ಲ. ಉರಿಯದ ಡೀಸೆಲ್ ಸಿಲಿಂಡರಿನ ಗೋಡೆಯ ಎಣ್ಣೆಯನ್ನು ತೊಳೆದು ಕೆಳಗಿಳಿದು ಎಂಜಿನ್ ಆಯಿಲನ್ನು ತೆಳು ಮಾಡುತ್ತದೆ. ಸವೆತ ಹೆಚ್ಚು, ಹೊಗೆ ಹೆಚ್ಚು, ಡೀಸೆಲ್ ಖರ್ಚು ಹೆಚ್ಚು. ಹೀಟರು ಕೆಲಸ ಮಾಡದೆ ಇರುವುದು ಈ ಪಟ್ಟಿಯಲ್ಲಿ ಕಡೆಯದು. ಇನ್ನೊಂದು ವಿಚಿತ್ರವೂ ಉಂಟು. ಕೆಲವು ಎಂಜಿನ್ನುಗಳಲ್ಲಿ ಥರ್ಮೋಸ್ಟ್ಯಾಟ್ ತೆರೆದಾಗ ಒಳಸುತ್ತಿನ ಅಡ್ಡದಾರಿಯನ್ನು ತಾನೇ ಮುಚ್ಚುತ್ತದೆ. ಅದನ್ನು ಕಿತ್ತರೆ ಅಡ್ಡದಾರಿ ಸದಾ ತೆರೆದಿದ್ದು, ಬಿಸಿನೀರಿನ ಒಂದು ಪಾಲು ರೇಡಿಯೇಟರನ್ನು ಕಾಣದೆ ಹಿಂತಿರುಗುತ್ತದೆ. ತಂಪಾಗಲೆಂದು ಕಿತ್ತ ಗಾಡಿ ಭಾರ ಹೊತ್ತು ಘಾಟಿ ಹತ್ತುವಾಗ ಕುದಿಯುತ್ತದೆ!

ಪರೀಕ್ಷೆ ಅಡುಗೆಮನೆಯಲ್ಲೇ ಆಗುತ್ತದೆ, ಮನೆಯವರ ಒಪ್ಪಿಗೆ ಸಿಕ್ಕರೆ. ಹಳೆಯ ಪಾತ್ರೆಯಲ್ಲಿ ನೀರಿಟ್ಟು, ಥರ್ಮೋಸ್ಟ್ಯಾಟನ್ನು ತಳ ತಾಗದಂತೆ ತಂತಿಯಲ್ಲಿ ಇಳಿಬಿಟ್ಟು, ಪಕ್ಕದಲ್ಲಿ ಥರ್ಮಾಮೀಟರು ಹಿಡಿಯಿರಿ. ಅಂಕಿಯ ಆಸುಪಾಸಿನಲ್ಲಿ ಬಾಗಿಲು ಬಿಡಲು ಆರಂಭಿಸಬೇಕು, ಪೂರ್ತಿ ತೆರೆಯಲು ಇನ್ನೂ ಹತ್ತು ಡಿಗ್ರಿಯಷ್ಟು ಬೇಕಾಗುತ್ತದೆ. ನೀರು ಆರಿದಂತೆ ಮುಚ್ಚಿಕೊಳ್ಳಬೇಕು. ತಣ್ಣೀರಿನಲ್ಲೇ ತೆರೆದಿದ್ದರೆ, ಕುದಿಯುವಾಗಲೂ ಅಲ್ಲಾಡದಿದ್ದರೆ ಬದಲಾಯಿಸಿ. ಎಂಜಿನ್ ರಿಪೇರಿಯ ಬಿಲ್ಲಿನ ಮುಂದೆ ಇದರ ಬೆಲೆ ಏನೇನೂ ಅಲ್ಲ. ಹಾಕುವಾಗ ಮೇಣದ ಡಬ್ಬಿ ಎಂಜಿನ್ನಿನ ಕಡೆಗಿರಬೇಕು. ತಿರುಗುಮುರುಗಾದರೆ ಎಂಜಿನ್ ಕುದಿದ ಮೇಲಷ್ಟೇ ತಿಳಿಯುತ್ತದೆ.

ನೀರು ತುಂಬುವುದು, ಗಾಳಿ ಬಿಡಿಸುವುದು

ನೀರು ತುಂಬುವುದಕ್ಕೂ ಒಂದು ಕ್ರಮವಿದೆ. ಗಾಡಿಯ ಮೂತಿ ಏರಿನ ಕಡೆಗಿರುವಂತೆ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಡಿ. ನಮ್ಮಲ್ಲಿ ಏರಿಗೆ ಬರವಿಲ್ಲ. ಹೀಟರಿನ ಗುಂಡಿಯನ್ನು ಪೂರ್ತಿ ಬಿಸಿಗೆ ತಿರುಗಿಸಿ, ಎಂಜಿನ್ ತಣ್ಣಗಿರುವಾಗಲೇ ಮುಚ್ಚಳ ತೆಗೆದು ನಿಧಾನವಾಗಿ ತುಂಬಿ. ಸ್ಟಾರ್ಟು ಮಾಡಿ ಐಡ್ಲಿಂಗಿನಲ್ಲಿ ಬಿಡಿ. ಗುಳ್ಳೆ ಏಳುತ್ತಾ ನೀರು ಇಳಿಯುತ್ತದೆ, ಇಳಿದಷ್ಟು ಹಾಕುತ್ತಾ ಹೋಗಿ. ಮೇಲಿನ ಹೋಸನ್ನು ಮಧ್ಯೆ ಮಧ್ಯೆ ಹಿಚುಕಿದರೆ ಗಾಳಿ ಬೇಗ ಬಿಡುತ್ತದೆ. ನೀರು ಉಕ್ಕಿಬರುವ ಸೂಚನೆ ಕಂಡರೆ ತಡಮಾಡದೆ ಮುಚ್ಚಿ. ಹೋಸು ಬಿಸಿಯಾಗಿ, ಗುಳ್ಳೆ ನಿಂತ ಮೇಲೆ ಮುಚ್ಚಳ ಹಾಕಿ, ಪಕ್ಕದ ಪ್ಲಾಸ್ಟಿಕ್ ಡಬ್ಬಿಯನ್ನು ಎರಡು ಗೆರೆಗಳ ನಡುವೆ ತುಂಬಿಡಿ. ಮಾರನೆಯ ಬೆಳಿಗ್ಗೆ ಮತ್ತೊಮ್ಮೆ ನೋಡಬೇಕು. ಹೊಗೆಯ ವಿಷಯ ನೆನಪಿರಲಿ, ಇದನ್ನು ಮುಚ್ಚಿದ ಶೆಡ್ಡಿನೊಳಗೆ ಮಾಡಕೂಡದು.

ಹೀಟರಿನಲ್ಲಿ ಕಸ ಕಟ್ಟಿದ್ದರೆ ತಣ್ಣಗಿರುವಾಗ ಎರಡೂ ಹೋಸು ಬಿಡಿಸಿ, ನೀರು ಹೊರಬರುವ ಬಾಯಿಯಿಂದ ಹಿಂದುಮುಂದಾಗಿ ನೀರು ಬಿಟ್ಟು ತೊಳೆಯಬೇಕು. ಮನೆಯ ಮೇಲಿನ ಟ್ಯಾಂಕಿನ ನೀರಿನ ಒತ್ತಡ ಸಾಕು. ತೋಟದ ಪಂಪುಸೆಟ್ಟಿನ ಪೈಪು ಕೊಟ್ಟರೆ ಹಳೆಯ ಬೆಸುಗೆ ಹಾರಿಹೋಗುತ್ತದೆ. ಬಚ್ಚಲು ತೊಳೆಯುವ ಆಸಿಡ್ ಹಾಕುವವರಿದ್ದಾರೆ, ಬೇಡ. ಚೊಗರು ಬಣ್ಣ ಹೋಗಿ ತಿಳಿನೀರು ಬರುವವರೆಗೆ ತಾಳ್ಮೆ ಬೇಕು.

ಕಾಲ ಕೆಳಗಿನ ಮ್ಯಾಟು ಸದಾ ಒದ್ದೆ, ಒಳಗೆ ಸಿಹಿಯಾದ ವಾಸನೆ, ಗಾಜಿನ ಮೇಲೆ ಒರೆಸಿದರೂ ಹೋಗದ ಜಿಡ್ಡಿನ ಪರದೆ, ಇವು ಕಂಡರೆ ಹೀಟರೇ ಸೋರುತ್ತಿದೆ ಎಂದು ಒಪ್ಪಿಕೊಳ್ಳಬೇಕು. ಡ್ಯಾಶ್‌ಬೋರ್ಡ್ ಬಿಚ್ಚಿಸುವ ಖರ್ಚು ಅಲ್ಲಿ ನ್ಯಾಯವಾದದ್ದು.

ನೀರು ಪದೇ ಪದೇ ಕಡಿಮೆಯಾಗುತ್ತಿದ್ದು ಸೋರಿಕೆ ಎಲ್ಲೂ ಕಾಣದಿದ್ದರೆ ಮಾತ್ರ ತಡಮಾಡಬಾರದು. ನಮ್ಮ ಸದಸ್ಯರೊಬ್ಬರ ಗಾಡಿಯಲ್ಲಿ ಹೀಗೇ ಆಯಿತು. ನಿಂತಾಗ ಹೀಟರು ಆರುತ್ತಿತ್ತು. ಗ್ಯಾರೇಜಿನವರು ಹೊಸ ಹೀಟರು ಹಾಕಿದರು, ಜತೆಗೆ ನೀರೂ ತುಂಬಿದರು. ಎಂಟು ದಿನ ಚೆನ್ನಾಗಿತ್ತು. ಎಂಟು ದಿನ ಬಿಸಿ ಕೊಟ್ಟದ್ದು ಹೊಸ ಹೀಟರಲ್ಲ, ತುಂಬಿದ ನೀರು. ಹೆಡ್ ಗ್ಯಾಸ್ಕೆಟ್ಟಿನ ಸಣ್ಣ ಬಿರುಕಿನಿಂದ ಉರಿದ ಅನಿಲ ನೀರಿಗೆ ನುಗ್ಗಿ ಅದನ್ನು ಹೊರನೂಕುತ್ತಿತ್ತೆಂದು ಗೊತ್ತಾಗುವ ಹೊತ್ತಿಗೆ ಎಂಜಿನ್ ಕುದಿದು ಹೆಡ್ಡು ಡೊಂಕಾಗಿತ್ತು. ಆಗಸ್ಟ್ ತಿಂಗಳು. ಅಡಿಕೆಗೆ ಎರಡನೆಯ ಔಷಧಿ ಹೊಡೆಯಬೇಕಾದ ಸಮಯದಲ್ಲಿ ಮೂರು ವಾರ ಗಾಡಿ ಪೇಟೆಯಲ್ಲಿ ಮಲಗಿತು. ಲೈನಿನಲ್ಲಿದ್ದ ತುಂಬು ಗರ್ಭಿಣಿಯೊಬ್ಬಳನ್ನು ಒಂದು ರಾತ್ರಿ ಆಸ್ಪತ್ರೆಗೆ ಸೇರಿಸಲು ಪಕ್ಕದ ತೋಟದ ಪಿಕಪ್ಪಿಗಾಗಿ ಎರಡು ಗಂಟೆ ಕಾಯಬೇಕಾಯಿತು. ತಾಯಿ ಮಗು ಕ್ಷೇಮ, ಅದು ಅದೃಷ್ಟ. ಗುರುತು ಹಿಡಿಯುವುದು ಕಷ್ಟವೇನಲ್ಲ. ತಣ್ಣನೆಯ ಎಂಜಿನ್, ಭರ್ತಿ ನೀರು, ತೆರೆದ ಮುಚ್ಚಳ. ಸ್ಟಾರ್ಟು ಮಾಡಿದ ಕ್ಷಣದಿಂದಲೇ ಗುಳ್ಳೆ ಎದ್ದು ನಿಲ್ಲದೆ ಬರುತ್ತಿದ್ದರೆ, ಆಯಿಲ್ ಕಡ್ಡಿಯಲ್ಲಿ ಹಾಲು ಹಾಕಿದ ಕಾಫಿಯ ಬಣ್ಣ ಕಂಡರೆ, ಸೈಲೆನ್ಸರಿನಿಂದ ಬಿಸಿ ಎಂಜಿನ್ನಿನಲ್ಲೂ ಬಿಳಿಹೊಗೆ ಬಿಡದೆ ಬರುತ್ತಿದ್ದರೆ ಆ ಗಾಡಿಯನ್ನು ಘಾಟಿಗೆ ಒಯ್ಯಬೇಡಿ.

ಹೀಟರು ಸರಿಯಾದ ಮೇಲೂ ಗಾಜು ಮಸುಕಾಗುತ್ತದೆ ಎನ್ನುವವರು ಒಳಗಾಳಿಯನ್ನೇ ಸುತ್ತಿಸುವ ಗುಂಡಿ ಒತ್ತಿರುತ್ತಾರೆ. ಹೊರಗಿನ ಗಾಳಿ ಒಳಬರುವಂತೆ ಇಡಬೇಕು. ಏಸಿ ಇರುವ ಗಾಡಿಯಲ್ಲಿ ಹೀಟರಿನೊಡನೆ ಏಸಿಯನ್ನೂ ಹಾಕಿ. ಏಸಿ ತೇವವನ್ನು ಇಳಿಸುತ್ತದೆ, ಹೀಟರು ಗಾಳಿಯನ್ನು ಬೆಚ್ಚಗೆ ಮಾಡುತ್ತದೆ. ಬೀಡಿಯ ತಂಬಾಕನ್ನು ಗಾಜಿಗೆ ತಿಕ್ಕುವ ಹಳೆಯ ಚಾಲಕರ ಉಪಾಯ ಹೊರಗಿನ ಮಳೆಹನಿಗೆ, ಒಳಗಿನ ಮಂಜಿಗಲ್ಲ.

ಥರ್ಮೋಸ್ಟ್ಯಾಟ್ ಪರೀಕ್ಷೆಗೆ ಬೇಕಾದ 110 ಡಿಗ್ರಿಯ ಥರ್ಮಾಮೀಟರನ್ನು ಸಂಘದ ಕಚೇರಿಯಲ್ಲಿ ಕಾಫಿಯ ತೇವ ನೋಡುವ ಯಂತ್ರದ ಪಕ್ಕದಲ್ಲೇ ಇರಿಸಿದ್ದೇವೆ. ಸಂತೆಯ ದಿನ ಬೆಳಿಗ್ಗೆ ಹತ್ತರಿಂದ ಒಂದು ಗಂಟೆಯ ತನಕ ಥರ್ಮೋಸ್ಟ್ಯಾಟ್ ಬಿಚ್ಚಿ ತಂದವರು ಅಲ್ಲೇ ಪರೀಕ್ಷಿಸಿಕೊಳ್ಳಬಹುದು. ಪಾತ್ರೆಯನ್ನು ಮಾತ್ರ ಮನೆಯಿಂದಲೇ ತರತಕ್ಕದ್ದು.